ಸ್ಯಾಂಟಾನಾ: ‘ಅಬ್ರಾಕ್ಸಸ್’ ತಲೆಗೆ ಹತ್ತಿತು, ‘ಕ್ಯಾರವಾನ್‌ಸರಾಯ್’ ಯಾಕೆ ಹತ್ತುತ್ತಿಲ್ಲ?

ತುಂಗಾತೀರ (ಶುಕ್ರವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಮರ್ಚೆಂಟ್ ನೇವಿಯಲ್ಲಿದ್ದವರು. ಮಗಳ ಮನೆಗೆ ಹೋಗಿ ಇರ್ತೀನಿ ಅಂತ ಶಿವಮೊಗ್ಗದ ಮನೆ ಖಾಲಿ ಮಾಡಿದ್ರು. ಹೊರಡೋವಾಗ ರೆಕಾರ್ಡ್ ಪ್ಲೇಯರು, ಜತೆಗೆ ಹದಿನಾಲ್ಕು ಪ್ಲೇಟು ನನಗೆ ಕೊಟ್ಟು, "ಇವು ನನ್ನ ಜತೆ ಊರೂರು ಸುತ್ತಿವೆ, ಜೋಪಾನ" ಅಂದ್ರು. ಅದರಲ್ಲಿ ಎರಡು ಸ್ಯಾಂಟಾನಾ ಬ್ಯಾಂಡಿನವು: 1970ರ ‘ಅಬ್ರಾಕ್ಸಸ್’, 1972ರ ‘ಕ್ಯಾರವಾನ್‌ಸರಾಯ್’.

‘ಅಬ್ರಾಕ್ಸಸ್’ ಹಾಕಿದ ಮೊದಲ ದಿನವೇ ಹಿಡಿದುಬಿಡ್ತು. ಮೂರು ವಾರ ದಿನಾ ಅದೇ. ಕೀರಲು ಗಿಟಾರ್, ಅದರಡಿಯಲ್ಲಿ ಆರ್ಗನ್, ಅದಕ್ಕೂ ಅಡಿಯಲ್ಲಿ ಕೈಯಿಂದ ಬಡಿಯೋ ಡೋಲಿನಂಥದ್ದು. ಅಡುಗೆಮನೆಯಿಂದ ನಮ್ಮಮ್ಮ ಕೂಡ ತಾಳ ಹಾಕಿದ್ದು ನೋಡಿದೀನಿ. ಆದ್ರೆ ಎರಡನೇದು? ಶುರುವಲ್ಲೇ ಜೀರುಂಡೆ ಸದ್ದು. ಹೊರಗಿಂದ ಬರ್ತಿದೆ ಅಂದ್ಕೊಂಡು ಎದ್ದು ಹೋಗಿ ಕಿಟಕಿ ಹಾಕಿ ಬಂದೆ. ಆಮೇಲೆ ಒಂದು ಸ್ಯಾಕ್ಸೋಫೋನ್ ಏನೋ ಗೊಣಗುತ್ತೆ. ಹಾಡು ಈಗ ಶುರುವಾಗುತ್ತೆ, ಈಗ ಶುರುವಾಗುತ್ತೆ ಅಂತ ಕಾಯ್ತಾ ಕೂತಿರೋವಾಗಲೇ ಒಂದು ಮಗ್ಗುಲು ಮುಗಿದುಹೋಗುತ್ತೆ.

ಮಾವನಿಗೆ ಫೋನ್ ಮಾಡಿ ಕೇಳಿದ್ರೆ, "ಮೊದಲನೇದು ಗೆಳೆಯರು ಬಂದಾಗ ಹಾಕೋದು, ಎರಡನೇದು ಹಡಗಲ್ಲಿ ರಾತ್ರಿ ಪಾಳಿಯ ವಾಚ್ ಮುಗಿಸಿ ಬಂದಾಗ ಹಾಕೋದು" ಅಂದ್ರು, ಅಷ್ಟೇ. ನನಗೆ ನಿಜವಾಗಲೂ ಅರ್ಥ ಮಾಡ್ಕೋಬೇಕು ಅಂತಿದೆ. ಎರಡೇ ವರ್ಷದಲ್ಲಿ ಒಂದೇ ಬ್ಯಾಂಡು ಇಷ್ಟು ಬದಲಾಗಿದ್ದು ಹೇಗೆ? ಇದನ್ನ ರಾಕ್ ಅನ್ನಬೇಕಾ, ಜಾಝ್ ಅನ್ನಬೇಕಾ? ಹೇಗೆ ಕೇಳಬೇಕು?

ಮಧ್ಯರಾತ್ರಿ_ರೇಡಿಯೊ

ಹೇಗೂ ಕೇಳಬೇಕಾಗಿಲ್ಲ. ಬೇಜಾರಾದ್ರೆ ಬೇಜಾರು. ‘ಅಬ್ರಾಕ್ಸಸ್’ ಅಮೆರಿಕದ ಪಟ್ಟಿಯಲ್ಲಿ ಆರು ವಾರ 1ನೇ ಸ್ಥಾನದಲ್ಲಿತ್ತು. ‘ಕ್ಯಾರವಾನ್‌ಸರಾಯ್’ 8ಕ್ಕೆ ನಿಂತಿತು. ಜನಕ್ಕೆ ಗೊತ್ತಿತ್ತು.

ಹಳೇ_ಕ್ಯಾಸೆಟ್

8ನೇ ಸ್ಥಾನ ಕಡಿಮೆಯೇನಪ್ಪಾ? ಹಾಡುಗಾರಿಕೆ ಇರೋದು ಮೂರೇ ಮೂರರಲ್ಲಿ, ಮಿಕ್ಕಿದ್ದೆಲ್ಲ ಬರೀ ವಾದ್ಯ. ಅಂಥ ಪ್ಲೇಟು 8ರವರೆಗೆ ಹತ್ತಿದ್ದೇ ಆಶ್ಚರ್ಯ. ಆಗ ಕೊಲಂಬಿಯಾ ಕಂಪನಿಯ ಮುಖ್ಯಸ್ಥರಾಗಿದ್ದ ಕ್ಲೈವ್ ಡೇವಿಸ್ ಇದನ್ನು ಕೇಳಿ, ಇಷ್ಟು ಚೆನ್ನಾಗಿ ನಡೀತಿರೋ ವೃತ್ತಿಜೀವನಕ್ಕೆ ನೀವೇ ಕೊಳ್ಳಿ ಇಡ್ತಿದೀರ ಅನ್ನೋ ಅರ್ಥದಲ್ಲಿ ಎಚ್ಚರಿಸಿದ್ರು. ಆದ್ರೂ ಬ್ಯಾಂಡಿನ ಗಿಟಾರ್ ವಾದಕ ಕಾರ್ಲೋಸ್ ಸ್ಯಾಂಟಾನಾ ಜಗ್ಗಲಿಲ್ಲ. ಆ ಹಟದ ಮೇಲೆ ನನಗೆ ಗೌರವ.

ತುಂಗಾತೀರ ಅವರೇ, ನನಗೀಗ 66. ನಾನೂ ನಿಮ್ಮ ಹಾಗೇ ಮೊದಲನೇದನ್ನ ಪ್ರೀತಿಸಿ ಎರಡನೇದನ್ನ ಪಕ್ಕಕ್ಕಿಟ್ಟಿದ್ದವನು. ಹತ್ತು ವರ್ಷ ಬೇಕಾಯ್ತು. ನಿಮಗೆ ಅಷ್ಟು ಬೇಡ, ಇಲ್ಲಿ ಕೇಳಿಕೊಂಡಿದ್ದೀರಲ್ಲ.

ಸಾಧನಕೇರಿಯವ

ಹೆಸರಿನ ಅರ್ಥ ಹೇಳ್ತೀನಿ ಕೇಳ್ರಿ, ಅರ್ಧ ಅಲ್ಲೇ ತಿಳೀತದ. ಕಾರವಾನ್ ಸರಾಯ್ ಅಂದ್ರ ಮರುಭೂಮಿ ದಾರಿಯೊಳಗ ಒಂಟಿ ಕಟ್ಕೊಂಡು ಹೋಗೋ ವ್ಯಾಪಾರಿಗಳು ರಾತ್ರಿ ತಂಗೋ ಛತ್ರ. ಇದು ಪ್ರಯಾಣದ ಪ್ಲೇಟು ರೀ. ಪ್ರತಿ ಹಾಡು ಮುಂದಿನ ಹಾಡಿನೊಳಗ ಹರಿದು ಹೋಗ್ತದ. ನೀವು ಹಾಡು ಹುಡುಕಾಕ ಹೋದ್ರ ಸಿಗೂದಿಲ್ಲ. ಒಂದ್ ಮಗ್ಗಲಾ ಅಂದ್ರ ಒಂದು ಹಾಡು ಅಂತ ತಿಳೀರಿ. ಒಳಗಿನ ಹಾಳ್ಯಾಗ ಪರಮಹಂಸ ಯೋಗಾನಂದರ ಸಾಲು ಅಚ್ಚಾಗ್ಯಾವ, ನೋಡೀರೇನು?

ತುಂಗಾತೀರ

ಈಗ ತೆಗೆದು ನೋಡಿದೆ. ಹೌದು! ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ.

ಕುಡ್ಲ_ಬೇಸ್

ಮೊದಲು ‘ಅಬ್ರಾಕ್ಸಸ್’ ಯಾಕೆ ಹಿಡಿಯಿತು ಅಂತ ನೋಡುವ ಮಾರಾಯ್ರೆ, ಎರಡನೆಯದು ತಾನಾಗಿ ಬರ್ತದೆ. ನಾನು ಬೇಸ್ ಗಿಟಾರ್ ನುಡಿಸುವವ, ಮದುವೆ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಇದನ್ನೇ ಬಾರಿಸಿದ್ದೇನೆ.

ಎಲ್ಲರೂ ಗಿಟಾರ್ ಕೇಳ್ತಾರೆ. ಗಿಟಾರ್ ಬಿಡಿ. ಅಡಿಯಿಂದ ಕೇಳಿ. ಡೇವಿಡ್ ಬ್ರೌನ್ ಅವರ ಬೇಸ್ ಉಂಟಲ್ಲ, ಅದು ಅಲ್ಲಾಡುವುದೇ ಇಲ್ಲ, ಎರಡು ಮೂರು ಸ್ವರ ಹಿಡಿದುಕೊಂಡು ಕೂತಿರ್ತದೆ. ಅದರ ಮೇಲೆ ಮೈಕಲ್ ಕ್ಯಾರಬೆಲ್ಲೋ ಅವರ ಕಾಂಗಾ, ಅಂದ್ರೆ ಕೈಯಿಂದ ಬಾರಿಸುವ ಎತ್ತರದ ಡೋಲು. ನಿಕರಾಗುವಾದಿಂದ ಬಂದ ಚೆಪಿತೋ ಅರೆಯಾಸ್ ಅವರದ್ದು ತಿಂಬಾಲೆಸ್, ಕೋಲಿನಿಂದ ಬಾರಿಸುವ ಲೋಹದ ಜೋಡಿ ಡೋಲು. ಇವೆರಡರ ನಡುವೆ ಮೈಕಲ್ ಶ್ರೀವ್ ಅವರ ಡ್ರಮ್ಸ್. ಅವರು ಜಾಝ್ ಕೇಳಿ ಬೆಳೆದ ಹುಡುಗ. ಒಟ್ಟು ಮೂರು ಜನ ತಾಳದವರು! ಬೇರೆ ರಾಕ್ ಬ್ಯಾಂಡಿನಲ್ಲಿ ಒಬ್ಬ ಇರ್ತಾನೆ. ಹಾಗಾಗಿಯೇ ನಿಮ್ಮ ಅಮ್ಮನ ಕೈ ತಾಳ ಹಾಕಿದ್ದು.

ನೀಲಿಹಕ್ಕಿ

ಶ್ರೀವ್ ಅಂದ್ರೆ ಅಮೆರಿಕದ ದೊಡ್ಡ ಸಂಗೀತೋತ್ಸವ ವುಡ್‌ಸ್ಟಾಕ್‌ನಲ್ಲಿ ‘ಸೋಲ್ ಸ್ಯಾಕ್ರಿಫೈಸ್’ ನುಡಿಸಿದ ಆ ಹುಡುಗನೇ ಅಲ್ವಾ? 1969ರ ಆಗಸ್ಟ್ 16. ಇಡೀ ವುಡ್‌ಸ್ಟಾಕ್‌ನಲ್ಲಿ ವೇದಿಕೆ ಹತ್ತಿದವರಲ್ಲೇ ಅತಿ ಕಿರಿಯ ಅವರೇ ಅಂತ ಎಲ್ಲೋ ಓದಿದ್ದೆ. ಆ ಡ್ರಮ್ ಸೋಲೋ ನಾನು ನೂರು ಸಲ ನೋಡಿದೀನಿ.

ಹಳೇ_ಕ್ಯಾಸೆಟ್

ಕಿರಿಯರಲ್ಲಿ ಒಬ್ಬ ಅನ್ನಿ. ಶ್ರೀವ್‌ಗೆ ಆಗ ತಾನೇ 20 ತುಂಬಿತ್ತು. ಶಾ ನಾ ನಾ ತಂಡದಲ್ಲಿ ಅವರಿಗಿಂತ ಚಿಕ್ಕವರಿದ್ರು. ಆದ್ರೆ ಇದು ಗಮನಿಸಿ: ವುಡ್‌ಸ್ಟಾಕ್‌ನಲ್ಲಿ ನುಡಿಸಿದ ದಿನ ಸ್ಯಾಂಟಾನಾದ ಒಂದೂ ಪ್ಲೇಟು ಅಂಗಡಿಯಲ್ಲಿರಲಿಲ್ಲ. ಮೊದಲ ಆಲ್ಬಮ್ ಹೊರಬಂದದ್ದು ಆ ತಿಂಗಳ ಕೊನೆಗೆ. ಲಕ್ಷಾಂತರ ಜನ, ಅವರಲ್ಲಿ ಬಹುಪಾಲು ಇವರ ಹೆಸರೇ ಕೇಳಿಲ್ಲ. ಕಚೇರಿಗಳನ್ನ ಏರ್ಪಡಿಸ್ತಿದ್ದ ಬಿಲ್ ಗ್ರಹಾಂ ಹಟ ಹಿಡಿದು ಇವರನ್ನ ಸೇರಿಸಿದ್ರು. ಕಾರ್ಲೋಸ್ ತಮ್ಮ ಸರದಿ ತಡ ಇದೆ ಅಂದ್ಕೊಂಡು ಮೆಸ್ಕಲಿನ್ ಅನ್ನೋ ಭ್ರಮೆ ಹುಟ್ಟಿಸೋ ಅಮಲು ಪದಾರ್ಥ ತಗೊಂಡಿದ್ರು, ಬೇಗ ವೇದಿಕೆ ಹತ್ತಿಸಿಬಿಟ್ರು. ಗಿಟಾರಿನ ಕುತ್ತಿಗೆ ಕೈಯಲ್ಲಿ ಹಾವಿನ ಹಾಗೆ ಹೊರಳ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಫಿಲ್ಮ್ ನೋಡಿದ್ರೆ ಆ ಮುಖದ ಹಿಂಡಾಟ ಯಾಕೆ ಅಂತ ಗೊತ್ತಾಗುತ್ತೆ.

ಮಧ್ಯರಾತ್ರಿ_ರೇಡಿಯೊ

ಅಂದ್ರೆ ಈ ಥರದ ಸಂಗೀತಕ್ಕೆ ಸೈಕೆಡೆಲಿಕ್ ಅಂತಾರಲ್ಲ, ಅದು ಅಮಲು ಪದಾರ್ಥ, ಅಷ್ಟೇ. ಅದನ್ನ ಸಂಗೀತದ ಗುಣ ಅಂತ ಯಾಕೆ ಹೊಗಳ್ತೀರಿ?

ಸ್ಯಾನ್‌ಹೊಸೆ_ಕನ್ನಡಿಗ

ಅಷ್ಟೇ ಅಲ್ಲ ಸರ್. ನಾನಿರೋದು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ಗಂಟೆ ದಾರಿ. ಆ ಕಾಲದ ಫಿಲ್ಮೋರ್ ಸಭಾಂಗಣದ ಬಗ್ಗೆ ಇಲ್ಲಿನ ಹಳಬರು ಹೇಳೋದು ಕೇಳಿದೀನಿ. ಗಾಜಿನ ತಟ್ಟೆಯಲ್ಲಿ ಎಣ್ಣೆ, ಬಣ್ಣದ ನೀರು ಹಾಕಿ, ಪ್ರೊಜೆಕ್ಟರ್ ಮೇಲಿಟ್ಟು ಅಲ್ಲಾಡಿಸ್ತಾ ಗೋಡೆ ತುಂಬ ಬಣ್ಣ ಹರಿಸ್ತಿದ್ರು. ಹಾಡು ಮೂರು ನಿಮಿಷಕ್ಕೆ ಮುಗೀಬೇಕು ಅನ್ನೋ ಕಟ್ಟಳೆ ಅಲ್ಲಿ ಇರಲಿಲ್ಲ. ಒಂದೇ ಲಯದ ಮೇಲೆ ಇಪ್ಪತ್ತು ನಿಮಿಷ ಹೋಗಬಹುದಿತ್ತು. ಆ ಸ್ವಾತಂತ್ರ್ಯನೇ ಸೈಕೆಡೆಲಿಕ್. ಔಷಧಿ ತಗೊಳ್ಳದವರಿಗೂ ಅದು ಸಿಗ್ತಿತ್ತು.

ಇನ್ನೊಂದು ವಿಷಯ. ಒಂದೇ ವಾರಾಂತ್ಯದಲ್ಲಿ ಆ ವೇದಿಕೆ ಮೇಲೆ ಬ್ಲೂಸ್, ಜಾಝ್, ರಾಕ್ ಮೂರೂ ಇರ್ತಿದ್ವು. 1970ರ ಏಪ್ರಿಲ್‌ನಲ್ಲಿ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್‌ಗಿಂತ ಮೊದಲು ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ನುಡಿಸಿದ್ದು ಫಿಲ್ಮೋರ್ ವೆಸ್ಟ್‌ನಲ್ಲೇ. ಮಿಶ್ರಣ ಸ್ಟುಡಿಯೋದಲ್ಲಿ ಯಾರೋ ಕೂತು ಮಾಡಿದ ಪಾಕ ಅಲ್ಲ, ಊರೇ ಹಾಗಿತ್ತು.

ನೀಲಿಹಕ್ಕಿ

ಕಾರ್ಲೋಸ್ ಮೆಕ್ಸಿಕೋದವರಾದ್ದರಿಂದ ಈ ಲ್ಯಾಟಿನ್ ತಾಳ ಹುಟ್ಟಿನಿಂದಲೇ ಬಂದಿರುತ್ತೆ ಅಲ್ವಾ?

ಕುಡ್ಲ_ಬೇಸ್

ಅಯ್ಯೋ ಇಲ್ಲ ಇಲ್ಲ. ಎಲ್ಲರೂ ಮಾಡುವ ತಪ್ಪು ಇದು. ದಕ್ಷಿಣದವರೆಲ್ಲ ಒಂದೇ ಸಂಗೀತ ಅಂತ ದಿಲ್ಲಿಯವರು ಹೇಳಿದ ಹಾಗೆ ಆಯ್ತು. ಈ ತಾಳ ಕ್ಯೂಬಾದ್ದು. ಅಲ್ಲಿಗೆ ಆಫ್ರಿಕಾದಿಂದ ಹೋದದ್ದು, ನ್ಯೂಯಾರ್ಕಿನ ಪೋರ್ಟೊ ರಿಕೋದವರು ಬೆಳೆಸಿದ್ದು. ಮೆಕ್ಸಿಕೋದ ಜನಪದ ವಾದ್ಯಮೇಳ ಮರಿಯಾಚಿಯೇ ಬೇರೆ.

ಸ್ಯಾನ್‌ಹೊಸೆ_ಕನ್ನಡಿಗ

ನೂರಕ್ಕೆ ನೂರು. ಕಾರ್ಲೋಸ್ ಹುಟ್ಟಿದ್ದು 1947ರಲ್ಲಿ, ಹಲಿಸ್ಕೋ ರಾಜ್ಯದ ಔತ್ಲಾನ್ ಊರಲ್ಲಿ. ಅಪ್ಪ ಮರಿಯಾಚಿ ಪಿಟೀಲು ವಾದಕ. ಮಗನಿಗೂ ಮೊದಲು ಪಿಟೀಲೇ ಕಲಿಸಿದ್ದು. ಮಗ ಓಡಿದ್ದು ಬ್ಲೂಸ್ ಕಡೆಗೆ. ತಿಹ್ವಾನಾದ ಕ್ಲಬ್ಬುಗಳಲ್ಲಿ ಗಿಟಾರ್, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆಯೋ ಕೆಲಸ. 1966ರಲ್ಲಿ ಕಟ್ಟಿದ ಬ್ಯಾಂಡಿನ ಹೆಸರೇ ‘ಸ್ಯಾಂಟಾನಾ ಬ್ಲೂಸ್ ಬ್ಯಾಂಡ್’. ಕಾಂಗಾ ಬಂದದ್ದು ಆಮೇಲೆ, ಊರಿನ ಅಕ್ವಾಟಿಕ್ ಪಾರ್ಕ್‌ನಲ್ಲಿ ಭಾನುವಾರ ಸುತ್ತು ಕೂತು ಬಾರಿಸ್ತಿದ್ದ ಹುಡುಗರಿಂದ. ‘ಈವಿಲ್ ವೇಸ್’ ಹಾಡನ್ನ ವಿಲ್ಲಿ ಬೋಬೋ ಅವರ ಪ್ಲೇಟಿನಿಂದ ಇವರಿಗೆ ತೋರಿಸಿದ್ದು ಬಿಲ್ ಗ್ರಹಾಂ. ಅವರಿಗೆ ಲ್ಯಾಟಿನ್ ಸಂಗೀತ ಅಂದ್ರೆ ಪ್ರಾಣ.

ನಾನು ಮಿಷನ್ ಬಡಾವಣೆಗೆ ಹೋದಾಗಲೆಲ್ಲ ಅಲ್ಲಿನ ಗೋಡೆ ಚಿತ್ರಗಳ ಮುಂದೆ ನಿಲ್ತೀನಿ. ಕಾರ್ಲೋಸ್ ಓದಿದ ಹೈಸ್ಕೂಲು ಅದೇ ಬಡಾವಣೆಯಲ್ಲಿದೆ.

ಮಧ್ಯರಾತ್ರಿ_ರೇಡಿಯೊ

ಸರಿ, ಹಾಗಾದ್ರೆ ‘ಅಬ್ರಾಕ್ಸಸ್’ನ ದೊಡ್ಡ ಹಿಟ್ ಎರಡೂ ಬೇರೆಯವರ ಹಾಡು ಅನ್ನೋದನ್ನೂ ಹೇಳಿ. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಫ್ಲೀಟ್‌ವುಡ್ ಮ್ಯಾಕ್‌ನ ಪೀಟರ್ ಗ್ರೀನ್ ಬರೆದದ್ದು, 1968. ‘ಓಯೆ ಕೋಮೋ ವಾ’ ಟಿಟೋ ಪುಯೆಂತೆ ಅವರದು. ಬೇರೆಯವರ ಮನೆ ಸಾರು ತಂದು ಬಡಿಸಿ, ಅಡುಗೆ ನಮ್ಮದು ಅಂದ್ರೆ ಹೇಗೆ?

ಹಳೇ_ಕ್ಯಾಸೆಟ್

ಯಾರೂ ನಮ್ಮದು ಅನ್ನಲಿಲ್ಲವಲ್ಲ! ಪ್ಲೇಟಿನ ಮೇಲೆ ಅವರವರ ಹೆಸರೇ ಇದೆ. ನಿಮ್ಮ ಹತ್ತಿರ ಪೀಟರ್ ಗ್ರೀನ್ ಅವರ ಮೂಲ ಇದ್ರೆ ಹಾಕಿ, ಆಮೇಲೆ ಇದನ್ನ ಹಾಕಿ. ಮೂಲ ಒಳ್ಳೆ ಬ್ಲೂಸು. ಇವರು ಅದರ ಬಾಲಕ್ಕೆ ‘ಜಿಪ್ಸಿ ಕ್ವೀನ್’ ಕಟ್ಟಿದ್ರು. ಅದು ಗಾಬೋರ್ ಸಾಬೋ ಅನ್ನೋ ಹಂಗೇರಿಯ ಜಾಝ್ ಗಿಟಾರ್ ವಾದಕರದು. 1956ರಲ್ಲಿ ಬುಡಾಪೆಸ್ಟ್ ಬಿಟ್ಟು ಅಮೆರಿಕಕ್ಕೆ ಬಂದವರು. ಅವರ 1966ರ ‘ಸ್ಪೆಲ್‌ಬೈಂಡರ್’ ಪ್ಲೇಟಿನಲ್ಲಿ ತಾಳವಾದ್ಯ ನುಡಿಸಿದವರಲ್ಲಿ ವಿಲ್ಲಿ ಬೋಬೋ ಕೂಡ ಒಬ್ಬರು! ಮೇಲೆ ‘ಈವಿಲ್ ವೇಸ್’ ವಿಷಯದಲ್ಲಿ ಬಂದ್ರಲ್ಲ, ಅವರೇ. ಲಂಡನ್ನಿನ ಬ್ಲೂಸ್, ಹಂಗೇರಿಯ ಜಾಝ್, ಕ್ಯೂಬಾದ ತಾಳ ಒಂದೇ ಹಾಡಿನಲ್ಲಿ. ಎಲ್ಲಿ ಹೊಲಿಗೆ ಅಂತ ಹುಡುಕಿ ತೋರಿಸಿ ನೋಡೋಣ.

ಇನ್ನೊಂದು, ಆ ಹಾಡು ಹೇಳಿರೋದು ಕಾರ್ಲೋಸ್ ಅಂತ ಬಹಳ ಜನ ತಿಳಿದಿದ್ದಾರೆ. ಹೇಳಿದ್ದು ಆರ್ಗನ್ ನುಡಿಸೋ ಗ್ರೆಗ್ ರೋಲಿ.

ಕುಡ್ಲ_ಬೇಸ್

ಪುಯೆಂತೆ ಅವರ ಮೂಲದಲ್ಲಿ ಕೊಳಲು, ತುತ್ತೂರಿ ಎಲ್ಲ ಉಂಟು, ಕುಣಿಯುವ ಚಾ-ಚಾ-ಚಾ. ಕೊಳಲಿನ ಜಾಗಕ್ಕೆ ಇವರು ಗಿಟಾರ್, ಆರ್ಗನ್ ಇಟ್ಟರು. ಮತ್ತೆ ಕಳ್ಳತನದ ಮಾತು ಬಂದರೆ ಪುಯೆಂತೆ ಅವರ ಆ ಶುರುವಿನ ಓಟವೇ ಕ್ಯೂಬಾದ ಕಚಾವೋ ಅವರ ‘ಚಾಂಚುಯೋ’ದಿಂದ ಬಂದದ್ದು. ಎಲ್ಲಿಗೆ ಹೋಗಿ ನಿಲ್ಲುವುದು?

ಲಯಮಂಜರಿ

ತಡವಾಗಿ ಬಂದೆ, ಕ್ಷಮಿಸಿ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಮೃದಂಗ ಹೇಳಿಕೊಡುತ್ತೇನೆ. ರಾಕ್ ಬಗ್ಗೆ ನನಗೆ ಹೆಚ್ಚು ತಿಳಿಯದು, ಆದರೆ ನನ್ನ ಶಿಷ್ಯನೊಬ್ಬ ಈ ‘ಕ್ಲಾವೆ’ ಅನ್ನೋದನ್ನು ತಂದು ಕೇಳಿಸಿದ ದಿನದಿಂದ ಅದು ನನ್ನನ್ನು ಬಿಟ್ಟಿಲ್ಲ. ಕ್ಯೂಬಾದ ಸಂಗೀತಕ್ಕೆಲ್ಲ ಅದೇ ಬೆನ್ನೆಲುಬು. ನಮ್ಮ ಲೆಕ್ಕದಲ್ಲಿ ಹೇಳಿದರೆ ಸುಲಭ.

ಆದಿತಾಳದ 8 ಅಕ್ಷರ, ಒಂದೊಂದಕ್ಕೆ 2 ಮಾತ್ರೆ, ಒಟ್ಟು 16. ಈಗ ಹೀಗೆ ಹೇಳಿ: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. 3, 3, 4, 2, 4. ಪ್ರತಿ ಗುಂಪಿನ ಮೊದಲ ‘ತ’ಕ್ಕೆ ಮಾತ್ರ ಚಪ್ಪಾಳೆ ತಟ್ಟಿ. ಐದು ಪೆಟ್ಟು. ಅದೇ ಕ್ಲಾವೆ. ಮೊದಲರ್ಧದಲ್ಲಿ ಮೂರು, ಎರಡನೇ ಅರ್ಧದಲ್ಲಿ ಎರಡು. ಸೊಗಸು ಎಲ್ಲಿದೆ ಗೊತ್ತೇ? ಲಘು, ಅಂದರೆ ಮೊದಲ 4 ಅಕ್ಷರ, ಮುಗಿದು ದ್ರುತ ಶುರುವಾಗುವ ಕಡೆ ನಮ್ಮ ಕೈ ಬೀಳುತ್ತದೆ, ಅಲ್ಲಿ ಕ್ಲಾವೆಯ ಪೆಟ್ಟೇ ಇಲ್ಲ! ಆ ತಕಧಿಮಿ ಲಘುವಿನಲ್ಲಿ ಹೊರಟು ದ್ರುತದೊಳಕ್ಕೆ ನುಗ್ಗಿ ಹೋಗುತ್ತದೆ. ಮೈ ಮುಂದಕ್ಕೆ ವಾಲುವುದು ಅದರಿಂದಲೇ.

ಒಂದು ಕೈಯಲ್ಲಿ ತಾಳ ಹಾಕುತ್ತಾ ಇದನ್ನು ಬಾಯಲ್ಲಿ ಹೇಳಿ ನೋಡಿ. ನನ್ನ ಹತ್ತು ವರ್ಷದ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತರು.

ತುಂಗಾತೀರ

ಅಮ್ಮಾ, ಇದನ್ನ ಊಟದ ಮೇಜು ಬಡೀತಾ ಮಾಡ್ತಿದೀನಿ. ನಾಲ್ಕನೇ ಸಲಕ್ಕೆ ಬಂತು!! ಮನೆಯವರೆಲ್ಲ ಎದ್ದು ಬಂದ್ರು.

ಕುಡ್ಲ_ಬೇಸ್

ಲಯಮಂಜರಿ ಅಕ್ಕ, ಎಷ್ಟು ಚಂದ ಹೇಳಿದ್ರಿ. ಒಂದೇ ತಿದ್ದುಪಡಿ: ‘ಓಯೆ ಕೋಮೋ ವಾ’ ಹಾಕಿ ಈ ಐದು ಪೆಟ್ಟು ಹುಡುಕಿದರೆ ಯಾರೂ ಹಾಗೆಯೇ ಬಾರಿಸುವುದು ಕೇಳಲಿಕ್ಕಿಲ್ಲ. ಕ್ಲಾವೆ ಎಲ್ಲರ ಮನಸ್ಸಿನಲ್ಲಿ ಓಡ್ತಿರ್ತದೆ, ಅವರವರ ವಾದ್ಯ ಅದಕ್ಕೆ ಹೊಂದಿಕೊಳ್ತದೆ. ತಾಳ ಹಾಕುವವರು ಕಾಣದಿದ್ದರೂ ಕಚೇರಿಯಲ್ಲಿ ತಾಳ ಇರುವುದಿಲ್ವಾ, ಹಾಗೆ.

ಲಯಮಂಜರಿ

ಒಪ್ಪಿದೆ. ಹಾಗೇ ಇನ್ನೊಂದು. ಅದೇ ಹಾಡಿನಲ್ಲಿ ಎರಡೇ ಸ್ವರಮೇಳ ತಿರುಗುತ್ತವೆ, ಗಿಟಾರ್ ಹಿಡಿಯುವ ಸ್ವರಗಳನ್ನು ಜೋಡಿಸಿದರೆ ಖರಹರಪ್ರಿಯ.

ಸಾಧನಕೇರಿಯವ

ಅದು ಬ್ಯಾಡ ರೀ ಅಕ್ಕಾರ. ಸ್ವರ ಒಂದೇ ಆದ್ರ ರಾಗ ಒಂದೇ ಆಗೂದಿಲ್ಲ. ನಮ್ಮ ಕಡೆ ಕಾಫಿ ಥಾಟ್ ಅಂತೀವಿ, ಸ್ವರ ಅವೇ. ಆದ್ರ ಕಾಫಿ ಹಾಡೋ ಚಾಲ್ ಅದರೊಳಗ ಎಲ್ಲೈತಿ? ಖರಹರಪ್ರಿಯದ ಗಮಕ ಎಲ್ಲೈತಿ? ಎಲ್ಲಾನೂ ನಮ್ಮದ ಅನ್ನೋ ಚಟಾ ನಮಗ ಬ್ಯಾಡ.

ಲಯಮಂಜರಿ

ನಮ್ಮದು ಎಂದು ನಾನು ಹೇಳಲಿಲ್ಲ. ತುಂಗಾತೀರ ಅವರಿಗೆ ದಾರಿ ಸಿಗಲಿ ಎಂದು ಗೊತ್ತಿರುವ ಹೆಸರು ಹೇಳಿದೆ. ಗಮಕದ ಮಾತು ನಿಜ, ಆದರೆ ಕಾರ್ಲೋಸ್ ಒಂದು ಸ್ವರವನ್ನು ಎಳೆದು ಹಿಡಿಯುವುದನ್ನು ಕೇಳಿ, ತಂತಿ ಒತ್ತಿ ಮೇಲಿನ ಸ್ವರಕ್ಕೆ ನಿಧಾನ ಜಾರಿಸುವುದನ್ನು ಕೇಳಿ. ಅದಕ್ಕೆ ಜೀವ ಇದೆ.

ಸಾಧನಕೇರಿಯವ

ಅದನ್ನ ಒಪ್ಪಿದ್ನಿ. ‘ಅಬ್ರಾಕ್ಸಸ್’ನ ‘ಸಾಂಬಾ ಪಾ ತಿ’ಯೊಳಗ ಆ ಗಿಟಾರ್ ಹಾಡೇ ಹಾಡ್ತದ.

ನೀಲಿಹಕ್ಕಿ

‘ಅಬ್ರಾಕ್ಸಸ್’ ಮುಖಪುಟದ ಚಿತ್ರ ನೋಡಿದ್ರೆ ಮೈಲ್ಸ್ ಡೇವಿಸ್ ‘ಬಿಚಸ್ ಬ್ರೂ’ ನೆನಪಾಗುತ್ತೆ. ನನಗೊಬ್ಬಳಿಗೇನಾ?

ಹಳೇ_ಕ್ಯಾಸೆಟ್

ಒಬ್ಬರೇ ಕಲಾವಿದರು ತಂಗೀ. ಮಾಟಿ ಕ್ಲಾರ್ವೈನ್. ‘ಅಬ್ರಾಕ್ಸಸ್’ಗೆ ಹಾಕಿದ್ದು ಅವರ 1961ರ ವರ್ಣಚಿತ್ರ. ಎರಡು ಪ್ಲೇಟೂ 1970ರಲ್ಲೇ ಬಂದವು. ‘ಬಿಚಸ್ ಬ್ರೂ’ ಧ್ವನಿಮುದ್ರಣ ಶುರುವಾಗಿದ್ದು 1969ರ ಆಗಸ್ಟ್ 19, ನ್ಯೂಯಾರ್ಕಿನಲ್ಲಿ. ವುಡ್‌ಸ್ಟಾಕ್ ಮುಗಿದ ಮಾರನೇ ದಿನ! ರಾಕ್‌ನವರು ಜಾಝ್ ಕಡೆ ನಡೀತಿದ್ರು, ಜಾಝ್‌ನವರು ರಾಕ್ ಕಡೆ. ಸಂಗೀತದಲ್ಲಿ ನನಗೆ ಅತ್ಯಂತ ಪ್ರಿಯವಾದ ವರ್ಷಗಳು ಅವು.

ತುಂಗಾತೀರ ಅವರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಶ್ರೀವ್ ಕಾರ್ಲೋಸ್‌ಗೆ ಮೈಲ್ಸ್ ಕೇಳಿಸಿದ್ರು, ಜಾಝ್ ಸ್ಯಾಕ್ಸೋಫೋನಿನ ಕೋಲ್ಟ್ರೇನ್ ಕೇಳಿಸಿದ್ರು. ಆ ಕಿವಿ ಬಿಚ್ಚಿದ ಮೇಲೆ ಹಿಂದಕ್ಕೆ ಹೋಗೋಕೆ ಆಗಲಿಲ್ಲ. ಗ್ರೆಗ್ ರೋಲಿ ಮತ್ತೆ ಇನ್ನೊಬ್ಬ ಗಿಟಾರ್ ಹುಡುಗ ನೀಲ್ ಶಾನ್‌ಗೆ ಅದು ಬೇಕಿರಲಿಲ್ಲ. ‘ಕ್ಯಾರವಾನ್‌ಸರಾಯ್’ನಲ್ಲಿ ನುಡಿಸಿದ್ರು, ಆಮೇಲೆ ಹೊರಟ್ರು, 1973ರಲ್ಲಿ ‘ಜರ್ನಿ’ ಬ್ಯಾಂಡ್ ಕಟ್ಟಿದ್ರು. ಈ ಪ್ಲೇಟಿನಲ್ಲಿ ನೀವು ಕೇಳ್ತಿರೋದು ಒಂದು ಮನೆ ಪಾಲಾಗೋ ಹೊತ್ತಿನ ಸಂಗೀತ. ‘ಸಾಂಗ್ ಆಫ್ ದಿ ವಿಂಡ್’ನಲ್ಲಿ ಕಾರ್ಲೋಸ್, ಶಾನ್ ಇಬ್ಬರ ಗಿಟಾರೂ ಇದೆ. ಬೇರೆಯಾಗ್ತಿರೋ ಇಬ್ಬರು ಅಷ್ಟು ಪ್ರೀತಿಯಿಂದ ನುಡಿಸಿದ್ದಾರೆ. ನನಗೆ ಇವತ್ತಿಗೂ ಗಂಟಲು ಕಟ್ಟುತ್ತೆ.

ಮಧ್ಯರಾತ್ರಿ_ರೇಡಿಯೊ

ಇದು ಚೆನ್ನಾಗಿ ಹೇಳಿದ್ರಿ. ‘ಸಾಂಗ್ ಆಫ್ ದಿ ವಿಂಡ್’ ಮತ್ತೆ ಕೇಳ್ತೀನಿ. ಆದ್ರೆ ರೋಲಿ ಹಾಡು, ಆರ್ಗನ್ ಇಲ್ಲದ ಸ್ಯಾಂಟಾನಾ ನನಗೆ ಪೂರ್ತಿ ಅನ್ನಿಸಲ್ಲ, ಅದರಲ್ಲಿ ಬದಲಾವಣೆ ಇಲ್ಲ.

ಸೂಜಿಮೊನೆ

ವಿಷಯಾಂತರಕ್ಕೆ ಕ್ಷಮೆ ಇರಲಿ. ಶಿವಮೊಗ್ಗದಲ್ಲಿ ಮಳೆಗಾಲ ಅಂದ್ರೆ ಪ್ಲೇಟಿಗೆ ಬೂಸ್ಟು ಹಿಡಿಯೋದು ಖಂಡಿತ. ತೊಳೆದಿದ್ದೀರಾ? ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದೇ ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬಟ್ಟೆ. ಗೆರೆ ಹೋದ ದಿಕ್ಕಿನಲ್ಲೇ ಸುತ್ತ ಒರೆಸಿ, ಅಡ್ಡ ಬೇಡ. ನಡುವಿನ ಲೇಬಲ್ ನೆನೀಬಾರದು. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸಲ. ಒಂದರ ಮೇಲೊಂದು ಮಲಗಿಸಿ ಇಡಬೇಡಿ, ಬಾಗಿ ಹೋಗುತ್ತೆ, ನಿಲ್ಲಿಸಿಯೇ ಇಡಿ.

ತುಂಗಾತೀರ

ಮಲಗಿಸಿಯೇ ಇಟ್ಟಿದ್ದೆ! ಈಗಲೇ ಎದ್ದು ನಿಲ್ಲಿಸಿದೆ. ಧನ್ಯವಾದ.

ನೀಲಿಹಕ್ಕಿ

ನನ್ನ ವಯಸ್ಸಿನವರಿಗೆ ಒಂದು ಹೇಳ್ತೀನಿ. ಈ ದಾರಿಗೆ ನಾನು ಬಂದದ್ದು ‘ದಿ ಮಾರ್ಸ್ ವೋಲ್ಟಾ’ ಅನ್ನೋ ರಾಕ್ ಬ್ಯಾಂಡಿನಿಂದ. 2005ರ ‘ಫ್ರಾನ್ಸಿಸ್ ದಿ ಮ್ಯೂಟ್’. ಗಿಟಾರಿನ ಒಮರ್ ರೊಡ್ರಿಗೆಸ್-ಲೋಪೆಸ್ ಪೋರ್ಟೊ ರಿಕೋದಲ್ಲಿ ಹುಟ್ಟಿದವರು. ಒಂದು ಹಾಡು ಸ್ಪ್ಯಾನಿಷ್‌ನಲ್ಲಿ ಬೆಂಕಿ ಹಾಗೆ ಓಡ್ತಾ ಓಡ್ತಾ ಇದ್ದಕ್ಕಿದ್ದಂತೆ ನಿಧಾನದ ಲ್ಯಾಟಿನ್ ತಾಳಕ್ಕೆ ಇಳಿಯುತ್ತೆ, ಅಲ್ಲಿ ಪಿಯಾನೋ ನುಡಿಸಿರೋದು ಸಾಲ್ಸಾ ಲೋಕದ ಲ್ಯಾರಿ ಹಾರ್ಲೋ. ‘ಕ್ಯಾರವಾನ್‌ಸರಾಯ್’ ಇಲ್ಲದೆ ಅದು ಹುಟ್ಟುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಮಧ್ಯರಾತ್ರಿ_ರೇಡಿಯೊ

ಅದು ಗದ್ದಲ. ನನ್ನ ಕೈಲಾಗಲ್ಲ.

ನೀಲಿಹಕ್ಕಿ

ಒಂದು ಸಲ ಪೂರ್ತಿ ಕೇಳಿ, ಆಮೇಲೆ ಜಗಳ ಆಡೋಣ. ನಾನು ಇಲ್ಲೇ ಇರ್ತೀನಿ.

ಲಯಮಂಜರಿ

ನಮ್ಮ ಬೆಂಗಳೂರಿನ ಮಾತು ಯಾರೂ ಎತ್ತಲಿಲ್ಲ ಎಂದು ಬೇಸರವಾಗಿ ಬರೆಯುತ್ತಿದ್ದೇನೆ. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಜತೆಗೆ ವಿದುಷಿ ಆರ್.ಎ. ರಮಾಮಣಿ ಅವರ ಗಾಯನ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಇವರ ಜತೆ ಮಾಡಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಮರಿಯಾನೋ ಭಾರತದಲ್ಲಿ ನಾಗಸ್ವರ ಕಲಿತವರು. ಅದರಲ್ಲಿ ಯಾರೂ ಯಾರ ಕಾಲನ್ನೂ ತುಳಿಯುವುದಿಲ್ಲ. ರಮಾಮಣಿಯವರು ಸ್ವರ ಹಾಡುವಾಗ ಸ್ಯಾಕ್ಸೋಫೋನ್ ಹಿಂದೆ ನಿಂತು ಕೇಳಿಸಿಕೊಳ್ಳುತ್ತದೆ.

ಹಳೇ_ಕ್ಯಾಸೆಟ್

ಅಕ್ಕ, ಒಳ್ಳೇ ನೆನಪು ಮಾಡಿದ್ರಿ. ಇದಕ್ಕೂ ಇಲ್ಲಿನ ಚರ್ಚೆಗೂ ನೇರ ಕೊಂಡಿ ಇದೆ. ಮ್ಯೂನಿಕ್‌ನ ‘ಎಂಬ್ರಿಯೋ’ ಅಂತ ಬ್ಯಾಂಡು, 1969ರಲ್ಲಿ ಹುಟ್ಟಿದ್ದು. ಸೈಕೆಡೆಲಿಕ್ ರಾಕು, ಜಾಝು ಸೇರಿಸಿದವರು. ಇದೇ ಮರಿಯಾನೋ ಅವರ ಜತೆಗೂ ನುಡಿಸಿದ್ದಾರೆ. 1978-79ರಲ್ಲಿ ಬಸ್ಸಿನಲ್ಲೇ ಜರ್ಮನಿಯಿಂದ ಭಾರತದವರೆಗೆ ಬಂದ್ರು, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ ನುಡಿಸಿದ್ರು. ಅದರಿಂದ ಒಡೆದು ಹೊರಬಂದ ‘ಡಿಸಿಡೆಂಟನ್’ ಕೂಡ 1982ರ ‘ಜರ್ಮನಿಸ್ತಾನ್’ನಲ್ಲಿ ಇವರನ್ನೇ ಕೂಡಿಕೊಂಡಿತು. ನಮ್ಮೂರಿನ ಜನಕ್ಕೆ ಇದು ಗೊತ್ತೇ ಇಲ್ಲ ಅನ್ನೋದು ನನ್ನ ದೊಡ್ಡ ಕೊರಗು. ಬೆಂಗಳೂರು ಅಂದ್ರೆ ಮೆಟಲ್ ಕಚೇರಿ ಮಾತ್ರ ಮಾತಾಡ್ತಾರೆ.

ಸ್ಯಾನ್‌ಹೊಸೆ_ಕನ್ನಡಿಗ

ಕಾರ್ಲೋಸ್ ಕೂಡ ಭಾರತದ ಕಡೆ ತಿರುಗಿದ್ರಲ್ಲ. ಅಧ್ಯಾತ್ಮ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ‘ದೇವದೀಪ್’ ಅನ್ನೋ ಹೆಸರು ಪಡೆದ್ರು. ಅದೇ ಗುರುಗಳ ಶಿಷ್ಯ, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಜತೆ 1973ರಲ್ಲಿ ‘ಲವ್ ಡಿವೋಷನ್ ಸರೆಂಡರ್’ ಮಾಡಿದ್ರು. ಮೆಕ್‌ಲಾಫ್ಲಿನ್ ಆಮೇಲೆ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜತೆ ‘ಶಕ್ತಿ’ ಕಟ್ಟಿದ್ದು ಎಲ್ಲರಿಗೂ ಗೊತ್ತು.

ಹಳೇ_ಕ್ಯಾಸೆಟ್

2012ರ ಅಕ್ಟೋಬರ್‌ನಲ್ಲಿ ಕಾರ್ಲೋಸ್ ಬೆಂಗಳೂರಿಗೆ ಬಂದಿದ್ರು. ಮಗಳ ಜತೆ ಹೋಗಿದ್ದೆ. ಟ್ರಾಫಿಕ್‌ನಲ್ಲಿ ಎರಡು ಗಂಟೆ ಸಿಕ್ಕಿಹಾಕ್ಕೊಂಡು ಶುರುವಿನ ಭಾಗ ತಪ್ಪಿತು. ಒಳಗೆ ಕಾಲಿಟ್ಟಾಗ ಮೊದಲು ಎದೆಗೆ ಬಡಿದದ್ದು ಕಾಂಗಾ, ಗಿಟಾರ್ ಆಮೇಲೆ. ನಲವತ್ತು ವರ್ಷ ಪ್ಲೇಟಿನಲ್ಲಿ ಕೇಳಿದ್ದ ಸದ್ದು. ಮಗಳು ನನ್ನ ಕೈ ಹಿಡ್ಕೊಂಡಳು, ನಾನು ಅಳ್ತಿದ್ದೆ.

ಸಾಧನಕೇರಿಯವ

ಎಷ್ಟ ಚಂದ ಬರದೀರಿ ಹಿರಿಯರ. ನಾ ಬರಾಕ ಆಗಿರಲಿಲ್ಲ, ಪರೀಕ್ಷೆ ಇತ್ತು. ಇವತ್ತಿಗೂ ಮನಸ್ಸಿಗೆ ಹತ್ತಿಕೊಂಡದ.

ಕುಡ್ಲ_ಬೇಸ್

ತುಂಗಾತೀರ ಅವರೇ, ಈಗ ಕೆಲಸದ ಮಾತು. ಇವತ್ತು ‘ಕ್ಯಾರವಾನ್‌ಸರಾಯ್’ ಎರಡನೇ ಮಗ್ಗುಲಿನಿಂದ ಶುರು ಮಾಡಿ. ಮೊದಲು ‘ಫ್ಯೂಚರ್ ಪ್ರಿಮಿಟಿವ್’, ಹೆಚ್ಚುಕಡಿಮೆ ಬರೀ ತಾಳವಾದ್ಯ, ಚೆಪಿತೋ ಮತ್ತೆ ಮಿಂಗೋ ಲೂಯಿಸ್. ಆಮೇಲೆ ‘ಸ್ಟೋನ್ ಫ್ಲವರ್’, ಬ್ರೆಜಿಲ್‌ನ ಜೋಬಿಂ ಅವರದ್ದು. ಮೂಲದಲ್ಲಿ ಮಾತಿಲ್ಲ, ಇವರು ಸೇರಿಸಿದರು. ನಂತರ ‘ಲಾ ಫುಯೆಂತೆ ದೆಲ್ ರಿತ್ಮೋ’, ಅಂದ್ರೆ ಲಯದ ಬುಗ್ಗೆ. ನಿಮಗೆ ‘ಅಬ್ರಾಕ್ಸಸ್’ನಲ್ಲಿ ಹಿಡಿಸಿದ್ದೆಲ್ಲ ಅಲ್ಲಿ ದುಪ್ಪಟ್ಟು ವೇಗದಲ್ಲಿ ಉಂಟು. ಕೊನೆಯದು ‘ಎವ್ರಿ ಸ್ಟೆಪ್ ಆಫ್ ದಿ ವೇ’, ಶ್ರೀವ್ ಬರೆದದ್ದು, ಕೊಳಲಿನಲ್ಲಿ ಹ್ಯಾಡ್ಲಿ ಕ್ಯಾಲಿಮನ್. ಅದಾದ ಮೇಲೆ ಪ್ಲೇಟು ತಿರುಗಿಸಿ ಜೀರುಂಡೆಗೆ ಬನ್ನಿ.

ಸಾಧನಕೇರಿಯವ

ತಪ್ಪು ದಾರಿ ತೋರಿಸ್ಬ್ಯಾಡ್ರಿ. ಛತ್ರಕ್ಕ ಹಿಂಬಾಗಲಿಂದ ಹೋಗೂದೇನ? ಮೊದಲಿಂದ ಕೇಳ್ರಿ, ದೀಪ ಆರಿಸಿ ಕೇಳ್ರಿ.

ತುಂಗಾತೀರ (ಭಾನುವಾರ, ರಾತ್ರಿ 11:50)

ಎರಡೂ ಮಾಡಿದೆ. ನಿನ್ನೆ ಕುಡ್ಲ ಅಣ್ಣ ಹೇಳಿದ ಹಾಗೆ ಎರಡನೇ ಮಗ್ಗುಲು ಮೊದಲು. ‘ಲಾ ಫುಯೆಂತೆ’ ಬಂದಾಗ ತಕಿಟ ತಕಿಟ ಹೇಳಿಕೊಂಡು ಕೂತೆ. ಎರಡು ಸಲ ತಪ್ಪಿತು, ಮೂರನೇ ಸಲ ಸಿಕ್ತು, ಆಮೇಲೆ ಬಿಡಲೇ ಇಲ್ಲ.

ಇವತ್ತು ಪ್ಲೇಟು ತೊಳೆದು, ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಮೊದಲಿನಿಂದ ಹಾಕಿದೆ. ಬೂಸ್ಟಿನ ಚಟಪಟ ಹೋದ ಮೇಲೆ ಗೊತ್ತಾಯ್ತು, ಆ ಜೀರುಂಡೆಗಳ ಕೆಳಗೆ ಬೇಸ್ ಇದೆ. ನಾನು ಇಷ್ಟು ದಿನ ಅದನ್ನ ಕೇಳಿಯೇ ಇರಲಿಲ್ಲ! ಸ್ಯಾಕ್ಸೋಫೋನ್ ಗೊಣಗ್ತಿಲ್ಲ, ಯಾರನ್ನೋ ಕರೀತಿದೆ. ‘ಸಾಂಗ್ ಆಫ್ ದಿ ವಿಂಡ್’ ಬಂದಾಗ ಎರಡು ಗಿಟಾರ್ ಬೇರೆಬೇರೆ ಮಾಡಿ ಕೇಳೋಕೆ ನೋಡಿದೆ, ಆಗಲಿಲ್ಲ, ಬಿಟ್ಟುಬಿಟ್ಟೆ. ಅದಕ್ಕಿಂತ ಮುಂಚಿನ ಹಾಡು, ‘ಜಸ್ಟ್ ಇನ್ ಟೈಮ್’, ಇನ್ನೂ ಇಷ್ಟ ಆಗಿಲ್ಲ. ಅದರಲ್ಲಿ ಹಾಡಿರೋದು ಅವಸರ ಅನ್ನಿಸ್ತು.

ಮಾವನಿಗೆ ಫೋನ್ ಮಾಡಿ ಸುಮ್ನೆ ಪ್ಲೇಯರ್ ಹತ್ತಿರ ಹಿಡಿದೆ. ಅವರೂ ಏನೂ ಮಾತಾಡ್ಲಿಲ್ಲ. ಮಗ್ಗುಲು ಮುಗಿದ ಮೇಲೆ, "ಸೂಜಿ ಎತ್ತು, ಸವೆಯುತ್ತೆ" ಅಂದ್ರು.

‘ಜ್ಯೋತಿ’ ಎಲ್ಲಿ ಸಿಗುತ್ತೆ?

ಹಳೇ_ಕ್ಯಾಸೆಟ್

ನನ್ನ ಹತ್ತಿರ ಇದೆ. ಶಿವಮೊಗ್ಗಕ್ಕೆ ಬರೋ ತಿಂಗಳು ಒಂದು ಮದುವೆಗೆ ಬರ್ತೀನಿ, ತಂದುಕೊಡ್ತೀನಿ, ಕೇಳಿ ವಾಪಸ್ ಕೊಡಿ. ನಿಮ್ಮ ಮಿಕ್ಕ ಹನ್ನೆರಡು ಪ್ಲೇಟು ಯಾವುವು ಅಂತ ನೀವಿನ್ನೂ ಹೇಳೇ ಇಲ್ಲ.